ಎಂಟರ ಲೀಗಿಗೆ ಮಿಲ್ ಗೇಟ್ ಹೋಗಬೇಕೆ?

ಚಾಮರಾಜಪೇಟೆ, ಬೆಂಗಳೂರು
೮ ನವೆಂಬರ್ ೨೦೨೪

ಚಿ. ಸ್ವರೂಪನಿಗೆ ಮಹಾನಂದ ಆಂಟಿಯ ಆಶೀರ್ವಾದಗಳು.

ಕಾಗದ ನೋಡಿ ಗಾಬರಿ ಆಗ್ಬೇಡ, ಇಲ್ಲಿ ಎಲ್ಲರೂ ಚೆನ್ನಾಗಿದೀವಿ. ಕ್ಲಬ್ಬಿನ ಅಭಿಮಾನಿಗಳ ವಾಟ್ಸಾಪ್ ಗ್ರೂಪಿಂದ ನಾನು ಹೊರಗೆ ಬಂದೆ. ಬೆಳಗ್ಗೆ ಕಾಫಿಗೆ ಮುಂಚೆಯೇ ಒಬ್ಬರಿಗೊಬ್ಬರು ‘ದ್ರೋಹಿ’, ‘ಮುದಿಗೂಬೆ’ ಅಂತ ಬೈಕೊಳ್ಳೋದನ್ನ ಎಷ್ಟು ದಿನ ಓದಲಿ? ಫೋನ್ ಮಾಡೋಣ ಅಂದ್ರೆ ನೀನು ಇನ್ನೊಬ್ಬರ ಮಾತು ಮುಗಿಯೋಕೆ ಬಿಡೋನಲ್ಲ. ಗ್ಯಾಲರಿಯಲ್ಲಿ ಅಷ್ಟು ವರ್ಷ ಪಕ್ಕದಲ್ಲಿ ಕೂತು ನೋಡಿದೀನಲ್ಲ. ಕಾಗದ ಆದ್ರೆ ಪೂರ್ತಿ ಓದಲೇಬೇಕು.

ವಿಷಯ ನಿನಗೂ ಗೊತ್ತಿರುತ್ತೆ. ನಗರದ ಫುಟ್‌ಬಾಲ್ ಲೀಗಿನ ಮೇಲಿನ ಡಿವಿಷನ್ನಿಂದ ಏಳು ದೊಡ್ಡ ಕ್ಲಬ್‌ಗಳು ಹೊರಗೆ ಹೋಗಿ ತಮ್ಮದೇ ಲೀಗ್ ಕಟ್ತಿವೆ. ಎಂಟನೆಯದಾಗಿ ನಮ್ಮ ಮಿಲ್ ಗೇಟ್ ಕ್ಲಬ್ಬನ್ನ ಕರೆದಿದಾರೆ. ಅದಕ್ಕೇನೋ ಉದ್ದದ ಇಂಗ್ಲಿಷ್ ಹೆಸರಿದೆ, ಬಿನ್ನಿಪೇಟೆಯಲ್ಲಿ ಮಾತ್ರ ಎಲ್ಲರೂ ‘ಎಂಟರ ಲೀಗ್’ ಅಂತಾರೆ. ಒಳಗೆ ಹೋದ ಎಂಟು ಕ್ಲಬ್ ಯಾವತ್ತಿಗೂ ಒಳಗೇ. ಕೊನೇ ಸ್ಥಾನಕ್ಕೆ ಬಂದ್ರೂ ಕೆಳಗಿನ ಡಿವಿಷನ್ನಿಗೆ ತಳ್ಳಲ್ಲ. ಕೆಳಗಿನೋರು ಎಷ್ಟು ಗೆದ್ದರೂ ಮೇಲೆ ಬರೋ ಹಾಗಿಲ್ಲ. ಫ್ಲಡ್‌ಲೈಟು, ಟೀವಿ, ಆಟಗಾರರಿಗೆ ತಿಂಗಳ ಸಂಬಳ, ಗ್ಯಾಲರಿಗೆ ಪ್ಲಾಸ್ಟಿಕ್ ಕುರ್ಚಿ. ನಮ್ಮ ಅಧ್ಯಕ್ಷರು ಬದರೀನಾರಾಯಣ ಅವರಿಗೆ ಕಾಲು ನೆಲದ ಮೇಲೆ ನಿಲ್ತಿಲ್ಲ. ಜನವರಿಯಲ್ಲಿ ಸದಸ್ಯರ ಸಭೆ ಕರೆದು ಕೈ ಎತ್ತಿಸಿ ತೀರ್ಮಾನ ಮಾಡ್ತಾರಂತೆ.

ಇನ್ನು ಮೇಲೆ ಸೀಸನ್ನಿನ ಕೊನೇ ಮ್ಯಾಚಿಗೆ ಹರಕೆ ಹೊರೋದೂ ಬೇಡ, ಎದೆ ಹಿಡ್ಕೊಂಡು ಕೂರೋದೂ ಬೇಡ. ಎಂಥ ಸುಖ ನೋಡು! ನಿನಗೇನನ್ನಿಸುತ್ತೆ, ಬರಿ.

ನಮ್ಮ ಮಾನ್ಯ ಕಾಲೇಜು ಮುಗಿಸಿದಳು. ಹೆಸರಿಗೆ ಮಗಳು ಮನೇಲಿದಾಳೆ, ದಿನಾ ಬೆಳಗಾದ್ರೆ ಚೆಂಡು ತಗೊಂಡು ಮೈದಾನಕ್ಕೆ ಓಡ್ತಾಳೆ. ಕೊಲ್ಹಾಪುರದ ಬ್ಯಾಂಕಿನೋರು ನಿನ್ನನ್ನ ಹೊತ್ತಿಗೆ ಸರಿಯಾಗಿ ಊಟಕ್ಕೆ ಬಿಡ್ತಾರೋ ಇಲ್ವೋ?

ಇಂತಿ,
ಮಹಾನಂದ


ಕೊಲ್ಹಾಪುರ
೧೭ ನವೆಂಬರ್ ೨೦೨೪

ಆಂಟಿ, ನಮಸ್ಕಾರ.

ನಿಮ್ಮ ಕಾಗದ ಓದಿ ಬ್ಯಾಂಕಿನ ಕೌಂಟರಿನಲ್ಲೇ ನಕ್ಕುಬಿಟ್ಟೆ. ‘ಎಂಥ ಸುಖ ನೋಡು’ ಅಂತ ಬರೆದಿದೀರಲ್ಲ, ಆ ಕೊಂಕು ನಿಮಗೊಬ್ಬರಿಗೇ ಬರೋದು. ರೆಫ್ರಿಗೆ ‘ಸ್ವಾಮಿ, ಕನ್ನಡಕ ಒರೆಸಿಕೊಡ್ಲಾ?’ ಅಂತ ಕೂಗ್ತಿದ್ರಲ್ಲ, ಅದೇ ದನಿ ಕೇಳಿಸ್ತು. ನೀವೂ ಇದಕ್ಕೆ ವಿರೋಧ ಅಂತ ಗೊತ್ತಾಗಿ ನನಗೆ ಆನೆಬಲ ಬಂತು.

ಇದು ಲೀಗಾ ಆಂಟಿ? ಒಳಗಿಂದ ಚಿಲಕ ಹಾಕ್ಕೊಂಡ ಮನೆ. ನಮ್ಮ ಕ್ಲಬ್ ಹುಟ್ಟಿದ್ದು ಹೇಗೆ? ಪಾಳಿ ಮುಗಿಸಿ ಬಂದ ಮಿಲ್ ಕೆಲಸಗಾರರು ಗೇಟಿನ ಮುಂದೆ ಆಡಿಕೊಂಡಿದ್ರು. ಸಿ ಡಿವಿಷನ್ನಿಗೆ ಹೆಸರು ಕೊಟ್ಟು, ಬಿದ್ದು ಎದ್ದು, ಒಂದೊಂದೇ ಮೆಟ್ಟಿಲು ಹತ್ತಿ ಮೇಲೆ ಬಂದ್ರು. ಅವತ್ತು ಮೇಲಿದ್ದೋರು ಹೀಗೇ ಚಿಲಕ ಹಾಕಿದ್ದಿದ್ರೆ? ೨೦೨೧ರಲ್ಲಿ ಯೂರೋಪಿನ ದೊಡ್ಡ ಕ್ಲಬ್‌ಗಳು ಇಂಥದ್ದೇ ಹುನ್ನಾರ ಮಾಡಿದಾಗ ಇಂಗ್ಲೆಂಡಿನ ಅಭಿಮಾನಿಗಳು ತಮ್ಮ ಕ್ಲಬ್ಬಿನ ಬಾಗಿಲಿಗೇ ಹೋಗಿ ನಿಂತು ಕೂಗಿದ್ರು. ಅಲ್ಲಿನ ಕ್ಲಬ್‌ಗಳು ಬಾಲ ಮುದುರಿಕೊಂಡು ವಾಪಸ್ ಬಂದ್ವು. ನಾವೇನು ಅವರಿಗಿಂತ ಕಮ್ಮೀನಾ?

ಇಲ್ಲಿ ಕೊಲ್ಹಾಪುರದಲ್ಲಿ ಪೇಟೆಗೊಂದು ತಂಡ, ಗರಡಿಗೊಂದು ತಂಡ. ಮ್ಯಾಚಿದ್ರೆ ಅಂಗಡಿ ಬಾಗಿಲು ಎಳೆದು ಹೋಗ್ತಾರಂತೆ. ನಾನು ಕೇಳಿದ್ದು ಅಷ್ಟೇ, ನನಗೇನೂ ಹೆಚ್ಚಿಗೆ ಗೊತ್ತಿಲ್ಲ. ಭಾನುವಾರ ಸಾಯಂಕಾಲ ನನಗೆ ಬೇರೆ ಕೆಲಸ ಇರುತ್ತೆ.

ಜನವರಿ ಸಭೆಯಲ್ಲಿ ನೀವು ಎದ್ದು ನಿಂತು ಮಾತಾಡಬೇಕು. ನೀವು ಮಾತಾಡಿದ್ರೆ ಮುನಿಯಕ್ಕ ಕೈ ಎತ್ತುತಾರೆ, ಮುನಿಯಕ್ಕ ಎತ್ತಿದ್ರೆ ಹಳೇ ಮಿಲ್ಲಿನೋರೆಲ್ಲ ಎತ್ತುತಾರೆ.

ನಿಮ್ಮ
ಸ್ವರೂಪ್


ಚಾಮರಾಜಪೇಟೆ
೧ ಡಿಸೆಂಬರ್ ೨೦೨೪

ಚಿ. ಸ್ವರೂಪನಿಗೆ,

ನಾನು ಕೊಂಕು ಆಡಿರಲಿಲ್ಲ ಕಣಪ್ಪ. ಸುಖ ಅಂತ ಬರೆದಿದ್ದು ಸುಖ ಅಂತಲೇ.

ನಾವು ಕೆಳಗೆ ಬಿದ್ದ ವರ್ಷ ನಿನಗೆ ನೆನಪಿರಬೇಕು. ನೀನು ಸಿಟ್ಟು ಮಾಡ್ಕೊಂಡು ಮತ್ತಿಕೆರೆಯ ನಿಮ್ಮ ಮನೆಗೆ ಹೋಗಿ ಮಲಗಿದೆ. ಎರಡು ದಿನ ಆದ್ಮೇಲೆ ಸರಿ ಹೋದೆ. ನಾನು ಅದಾದ್ಮೇಲೂ ದಿನಾ ನಮ್ಮ ಮೈದಾನದ ರಸ್ತೆಯಲ್ಲಿ ಓಡಾಡ್ದೆ. ಗೋಲ್‌ಕೀಪರ್ ಹುಡುಗ ಕಲಾಸಿಪಾಳ್ಯದ ತರಕಾರಿ ಮಂಡಿಗೆ ಕೆಲಸಕ್ಕೆ ಹೋದ, ಮತ್ತೆ ಗ್ಲೌಸ್ ಮುಟ್ಟಲಿಲ್ಲ. ಕ್ಯಾಪ್ಟನ್ ಎದುರಿಗೆ ಸಿಕ್ಕಿದ್ರೆ ತಲೆ ತಗ್ಗಿಸಿ ಪಕ್ಕದ ಗಲ್ಲಿಗೆ ತಿರುಗ್ತಿದ್ದ. ಮೆಟ್ಟಿಲು ಮೆಟ್ಟಿಲು ಅಂತ ನೀನು ಹಾಡ್ತೀಯ. ಮೆಟ್ಟಿಲಿಂದ ಜಾರಿ ಬಿದ್ದೋರ ಸೊಂಟ ಏನಾಯ್ತು ಅಂತ ಯಾರು ನೋಡ್ತಾರೆ?

ನಮ್ಮಪ್ಪ ಚಿಕ್ಕಪೇಟೆಯಲ್ಲಿ ಮಿಲ್ ಬಟ್ಟೆ ಮಾರೋರು. ಭಾನುವಾರ ನನ್ನನ್ನ ಸೈಕಲ್ಲಿನ ಮುಂದೆ ಕೂರಿಸ್ಕೊಂಡು ಮ್ಯಾಚಿಗೆ ಕರ್ಕೊಂಡ್ ಹೋಗೋರು. ಅವತ್ತಿಂದ ಇವತ್ತಿನವರೆಗೂ ನಾನು ನೋಡಿದ್ದು ಒಂದೇ. ನಮ್ಮ ಹುಡುಗರು ಚೆನ್ನಾಗಿ ಆಡ್ತಾರೆ, ಆಮೇಲೆ ಹೊಟ್ಟೆಪಾಡಿಗೆ ಆಟ ಬಿಡ್ತಾರೆ. ಒಂದು ಸಲ ಯಾರೋ ಬಂದು ‘ಆಡು, ನಿನ್ನ ಅನ್ನ ನಾವು ನೋಡ್ಕೋತೀವಿ’ ಅಂದ್ರೆ ಅವರ ಮೇಲೆ ಬಾಗಿಲು ಹಾಕೋದಾ?

ಎಂಟರ ಲೀಗಿನೋರು ಪ್ರತಿ ಕ್ಲಬ್ಬೂ ಹೆಣ್ಣುಮಕ್ಕಳ ಟೀಮು ಮಾಡಲೇಬೇಕು, ಅವರಿಗೂ ಸಂಬಳ ಕೊಡಲೇಬೇಕು ಅಂತ ಷರತ್ತು ಹಾಕಿದಾರೆ. ಅದೂ ಒಳ್ಳೇದೇ ತಾನೆ?

ಅದಿರಲಿ. ಭಾನುವಾರ ಸಾಯಂಕಾಲದ ಆ ‘ಬೇರೆ ಕೆಲಸ’ದ ಹೆಸರೇನು? ಮರಾಠಿ ಹುಡುಗಿಯಾದ್ರೂ ಪರವಾಗಿಲ್ಲ, ನನಗೆ ಮೊದಲು ಹೇಳು.

ಮಹಾನಂದ


ಕೊಲ್ಹಾಪುರ
೧೫ ಡಿಸೆಂಬರ್ ೨೦೨೪

ಆಂಟಿ,

ನಿಮ್ಮ ಕಾಗದ ಎರಡು ಸಲ ಓದ್ದೆ. ಬೇರೆ ಯಾರೇ ಬರೆದಿದ್ರೂ ಬೇಜಾರಾಗ್ತಿರಲಿಲ್ಲ.

ಕುರ್ಚಿ, ಲೈಟು, ಟೀವಿ ನೋಡಿ ಬದರೀನಾರಾಯಣ ಅವರು ಮರುಳಾಗೋದು ನನಗರ್ಥ ಆಗುತ್ತೆ. ನೀವು? ಚಿಕ್ಕಪೇಟೆಯಲ್ಲಿ ಸ್ವಂತ ಅಂಗಡಿ, ಚಾಮರಾಜಪೇಟೆಯಲ್ಲಿ ಸ್ವಂತ ಮನೆ, ನಿಮಗೇನು ಕಮ್ಮಿ? ಇದರಲ್ಲಿ ನಿಮಗೇನು ಸಿಗುತ್ತೆ ಅಂತ ನನಗೆ ಗೊತ್ತಾಗ್ತಿಲ್ಲ. ಹೆಣ್ಣುಮಕ್ಕಳ ಟೀಮು ಅಂತೆಲ್ಲ ಹೇಳೋದು ಮದುವೆ ಮಂಟಪಕ್ಕೆ ಕಟ್ಟೋ ಹೂವಿನ ಹಾಗೆ. ಮದುವೆ ಮುಗಿದ ಮೇಲೆ ಯಾರೂ ಕೇಳಲ್ಲ.

ನನಗೆ ಜನವರಿಯಲ್ಲಿ ರಜೆ ಸಿಗಲ್ಲ. ಅದಕ್ಕೇ ಸಭೆಗೆ ಒಂದು ಕಾಗದ ಬರೆದು ಇದರ ಜೊತೆ ಇಟ್ಟಿದೀನಿ. ಓದೋಕೆ ನಿಮ್ಮನ್ನೇ ಕೇಳ್ತಿದೀನಿ. ನೀವು ಒಪ್ಪಲ್ಲ ಅಂತ ಗೊತ್ತು, ಆದ್ರೂ ಅಲ್ಲಿ ನಾನು ನಂಬೋದು ನಿಮ್ಮೊಬ್ಬರನ್ನೇ. ಬೇರೆಯೋರ ಕೈಗೆ ಕೊಟ್ಟರೆ ಅರ್ಧ ನುಂಗಿಬಿಡ್ತಾರೆ.

ಹುಡುಗಿ ಗಿಡುಗಿ ಯಾರೂ ಇಲ್ಲ ಆಂಟಿ. ಅದು ಬೇರೆ. ಈಗ ಹೇಳೋಕಾಗಲ್ಲ.

ಸ್ವರೂಪ್


ಚಾಮರಾಜಪೇಟೆ
೧೩ ಜನವರಿ ೨೦೨೫

ಸ್ವರೂಪನಿಗೆ,

ಸಭೆ ನಿನ್ನೆ ನಡೀತು. ಮೈದಾನದ ಪಕ್ಕದ ಶಾಲೆಯ ಹಾಲು ತುಂಬಿ ಜನ ಕಿಟಕಿ ಹತ್ರ ನಿಂತಿದ್ರು.

ಬದರೀನಾರಾಯಣ ಅವರು ಅರ್ಧ ಗಂಟೆ ಮಾತಾಡಿದ್ರು, ಚೆನ್ನಾಗೇ ಮಾತಾಡಿದ್ರು. ನಾನು ನಿನ್ನ ಕಾಗದ ತೆಗೆದಾಗ, “ಊರಲ್ಲೇ ಇಲ್ದೋರ ಕಾಗದ ಯಾಕಮ್ಮ ಓದ್ಬೇಕು?” ಅಂದ್ರು. ಮುನಿಯಕ್ಕ ಹಿಂದಿನ ಬೆಂಚಿಂದ, “ವಂತಿಗೆ ಕಟ್ತಾನಲ್ಲ ಹುಡುಗ? ದುಡ್ಡು ಇಸ್ಕೊಳೋವಾಗ ಊರು ಯಾವುದು ಅಂತ ಕೇಳಿದ್ರಾ? ಓದಮ್ಮ ನೀನು” ಅಂತ ಗದರಿದ್ಲು.

ಓದ್ದೆ. ‘ನಮ್ಮ ಹಿಂದೆ ಬರೋ ಮಕ್ಕಳ ಮುಖಕ್ಕೆ ನಾವು ಬಾಗಿಲು ಹಾಕಬಾರದು’ ಅಂತ ಬರೆದಿದ್ದೆಯಲ್ಲ, ಅಲ್ಲಿ ನಿಲ್ಲಿಸಿ ಕನ್ನಡಕ ಒರೆಸ್ಕೊಂಡೆ. ಮತ್ತೆ ಮೊದಲಿಂದ ಆ ಸಾಲು ಓದ್ದೆ. ಆಮೇಲೆ ಮುನಿಯಕ್ಕ ಎದ್ದು, “ನಾನು ಮಿಲ್ಲಲ್ಲಿ ನೂಲು ಸುತ್ತಿದೋಳು. ಗೇಟಿನ ಆಚೆ ನಿಂತ್ಕೊಳೋದು ಹೇಗಿರುತ್ತೆ ಅಂತ ನನಗೆ ಗೊತ್ತು. ಇನ್ನೊಬ್ರನ್ನ ನಾನು ನಿಲ್ಸಲ್ಲ” ಅಂದ್ಲು. ಅಲ್ಲಿಗೆ ಮುಗೀತು. ಬೇಡ ಅನ್ನೋ ಕಡೆ ಕೈ ಜಾಸ್ತಿ ಬಂತು, ಬಹಳ ಏನಲ್ಲ.

ಹೊರಗೆ ಬರುವಾಗ ಬದರೀನಾರಾಯಣ ಅವರು, “ನೀವೇ ಬೇಕು ಅಂತೀರ, ನೀವೇ ಓದಿ ಕೆಡಿಸ್ತೀರ” ಅಂದ್ರು. ನಾನು ಕೈ ಎತ್ತಿದ್ದು ಹೋಗೋಣ ಅನ್ನೋ ಕಡೆಗೆ. ನಿನಗೆ ಗೊತ್ತಿರಲಿ ಅಂತ ಬರೆದೆ.

ಗೆದ್ದೆ ನೀನು. ನಾಳೆ ಸಂಕ್ರಾಂತಿ. ಎಳ್ಳು ಬೆಲ್ಲ ಕಳಿಸೋಕೆ ಈ ಸಲ ಆಗಲಿಲ್ಲ.

ಮಹಾನಂದ


ಕೊಲ್ಹಾಪುರ
೨೨ ಜನವರಿ ೨೦೨೫

ಆಂಟಿ! ಆಂಟಿ! ಆಂಟಿ!

ಬ್ಯಾಂಕಿನಲ್ಲಿ ಎಲ್ಲರಿಗೂ ಪೇಡ ಹಂಚಿದೆ. ಯಾಕೆ ಅಂತ ಕೇಳಿದ್ರೆ ಮಿಲ್ ಗೇಟ್ ಅಂದೆ, ಯಾರಿಗೂ ಗೊತ್ತಾಗಲಿಲ್ಲ. ಪರವಾಗಿಲ್ಲ.

ನೀವು ಒಪ್ಪದೇ ಇದ್ರೂ ಓದಿದ್ರಲ್ಲ, ನಿಮ್ಮಂಥೋರು ಇರೋದಕ್ಕೇ ಕ್ಲಬ್ ಉಳಿದಿರೋದು. ನೀವು ಅಲ್ಲಿ ನಿಲ್ಲಿಸಿ ಕನ್ನಡಕ ಒರೆಸ್ಕೊಂಡ್ರಿ ಅಂತ ಓದಿದಾಗ ನನ್ನ ಕಣ್ಣಲ್ಲಿ ನೀರು ಬಂತು. ಒಳಗೊಳಗೆ ನಿಮಗೂ ಇದೇ ಬೇಕಿತ್ತು ಅಂತ ನನಗೆ ಅವಾಗಲೇ ಅನ್ನಿಸ್ತು, ಅಲ್ವಾ?

ಬೇಗ ಬರೀರಿ. ಮುನಿಯಕ್ಕನಿಗೆ ನನ್ನ ಕಡೆಯಿಂದ ಕಾಲಿಗೆ ನಮಸ್ಕಾರ.

ಸ್ವರೂಪ್


ಕೊಲ್ಹಾಪುರ
೨ ಮಾರ್ಚ್ ೨೦೨೫

ಆಂಟಿ,

ಜನವರಿಯಿಂದ ನಿಮ್ಮ ಕಾಗದ ಇಲ್ಲ. ಫೋನ್ ಮಾಡಿದೆ, ರಿಂಗಾಗಿ ಕಟ್ ಆಯ್ತು. ಅಂಗಡಿಗೆ ಮಾಡಿದ್ರೆ ಅಂಕಲ್, “ಅವಳಿಗೆ ಹೇಳ್ತೀನಪ್ಪ” ಅಂದು ಇಟ್ಟರು. ಹುಷಾರಾಗಿದೀರಾ?

ನಾನು ನಿಮ್ಮಿಂದ ಒಂದು ವಿಷಯ ಮುಚ್ಚಿಟ್ಟೆ, ಅದೇನಾದ್ರೂ ಬೇರೆ ಯಾರಿಂದಲೋ ತಿಳಿದು ಬೇಜಾರಾಯ್ತೋ ಅಂತ ಯೋಚನೆ. ಹೇಳಿಬಿಡ್ತೀನಿ. ಇಲ್ಲಿ ನಮ್ಮ ರೂಮಿನ ಹಿಂದಿನ ಪೇಟೆಯದೊಂದು ತಂಡ ಇದೆ. ಮೊದಲು ಸುಮ್ಮನೆ ನೋಡೋಕೆ ಹೋಗ್ತಿದ್ದೆ. ಈಗ ಭಾನುವಾರ ಅವರ ನೀರಿನ ಕ್ಯಾನು, ಚೆಂಡಿನ ಚೀಲ ಹೊರೋನೇ ನಾನು. ಹಸಿರು ಶಾಲು ಹಾಕ್ಕೊಂಡು ಮರಾಠಿಯಲ್ಲಿ ಕೂಗ್ತೀನಿ. ಮಿಲ್ ಗೇಟಿಗೆ ಮೋಸ ಮಾಡ್ತಿದೀನೇನೋ ಅಂತ ಹೇಳೋಕೆ ನಾಚಿಕೆ ಆಗ್ತಿತ್ತು. ಅದೇ ‘ಬೇರೆ ಕೆಲಸ’. ಹುಡುಗಿ ಅಲ್ಲ ಆಂಟಿ, ಆಣೆಗೂ.

ಪಾರ್ಸಲಿನಲ್ಲಿ ಇಲ್ಲಿನ ಬೆಲ್ಲ ಕಳಿಸಿದೀನಿ. ಬೈದಾದ್ರೂ ಒಂದು ಕಾಗದ ಬರೀರಿ.

ಸ್ವರೂಪ್


ಚಾಮರಾಜಪೇಟೆ
೧೨ ಮಾರ್ಚ್ ೨೦೨೫

ಸ್ವರೂಪಣ್ಣ,

ನಾನು ಮಾನ್ಯ. ಅಮ್ಮ ಚೆನ್ನಾಗಿದಾಳೆ. ಬೆಲ್ಲ ಬಂತು, ಡಬ್ಬಿಗೆ ಹಾಕಿ ಮೇಲಿಟ್ಟಿದಾಳೆ, ಮುಟ್ಟಿಲ್ಲ. ನೀನು ಬರೆದ ಕಾಗದ ಓದಿ ಸ್ವಲ್ಪ ನಕ್ಕಳು, ಆದ್ರೆ ಬರೆಯೋಕೆ ಕೂತ್ರೆ ಪೆನ್ನು ಮುಚ್ಚಿ ಎದ್ದುಬಿಡ್ತಾಳೆ. ಅದಕ್ಕೆ ನಾನೇ ಬರೀತಿದೀನಿ. ಅವಳಿಗೆ ಹೇಳಿಲ್ಲ.

ಎಂಟರ ಲೀಗಿನ ಹೆಣ್ಣುಮಕ್ಕಳ ಟೀಮಿಗೆ ನಮ್ಮ ಕ್ಲಬ್ಬಿಂದ ನನ್ನ ಹೆಸರು ಹೋಗಿತ್ತು ಅಣ್ಣ. ಡಿಫೆನ್ಸಿಗೆ. ಕೋಚ್ ನೋಡಿ ಸರಿ ಅಂದಿದ್ರು. ಮಿಲ್ ಗೇಟ್ ಸೇರಿದ್ರೆ ನಾನೂ ಸೇರಿದ ಹಾಗೆ. ಯಾರಿಗೂ ಹೇಳಬೇಡ ಅಂತ ಅಮ್ಮನೇ ಅಂದಿದ್ಲು. “ಮಗಳಿಗೋಸ್ಕರ ಮಾತಾಡ್ತಾಳೆ ಅಂತಾರೆ. ಸ್ವರೂಪನಿಗಂತೂ ಬೇಡ, ಅವನು ನಿನ್ನ ಮುಖ ನೋಡಿ ಬಾಯಿ ಮುಚ್ಕೋತಾನೆ, ಅದು ನ್ಯಾಯ ಅಲ್ಲ” ಅಂದ್ಲು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ, ಅಷ್ಟೇ.

ಸಭೆಯ ದಿನ ನಾನು ಕಿಟಕಿ ಹತ್ರ ನಿಂತಿದ್ದೆ. ನಿನ್ನ ಕಾಗದದಲ್ಲಿ ಒಂದು ಸಾಲೂ ಅವಳು ಬಿಡಲಿಲ್ಲ. ಬಿಟ್ಟಿದ್ರೆ ಯಾರಿಗೆ ಗೊತ್ತಾಗ್ತಿತ್ತು?

ನನ್ನ ಜೊತೆ ಪ್ರಾಕ್ಟೀಸ್ ಮಾಡ್ತಿದ್ದ ಯಶಶ್ರೀ ಎಂಟರ ಲೀಗಿನ ಬೇರೆ ಕ್ಲಬ್ಬಿನ ಟ್ರಯಲ್ಸಿಗೆ ಹೋಗಿ ಸೇರಿಬಿಟ್ಟಳು. ಮೊದಲ ಸಂಬಳದಲ್ಲಿ ಅವರಮ್ಮನಿಗೆ ಸೀರೆ ತಂದಳು. ನಾನೂ ಅವತ್ತು ಬಸ್ ಹತ್ತಿದ್ದೆ. ಟೌನ್ ಹಾಲ್ ಹತ್ರ ಇಳಿದು ವಾಪಸ್ ಬಂದೆ. ಚಿಕ್ಕೋಳಿದ್ದಾಗಿಂದ ಒಂದೇ ಜೆರ್ಸಿ ನೋಡ್ಕೊಂಡು ಬೆಳೆದಿದೀನಿ, ಇನ್ನೊಂದು ಹಾಕೋಕೆ ಮನಸ್ಸು ಬರಲಿಲ್ಲ. ದಡ್ಡತನ ಅಂತ ಯಶಶ್ರೀ ಬೈದಳು.

ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ಹೂವಿನ ಹಾಗೆ ಅಂತ ಬರೆದಿದ್ಯಲ್ಲ, ಅದೊಂದು ಮಾತ್ರ ಚುಚ್ಚಿತು.

ಮಾನ್ಯ


ಕೊಲ್ಹಾಪುರ
೨೦ ಮಾರ್ಚ್ ೨೦೨೫

ಆಂಟಿ,

ಮಾನ್ಯ ಬರೆದಿದ್ದಳು. ಅವಳಿಗೆ ಬೈಬೇಡಿ.

‘ಇದರಲ್ಲಿ ನಿಮಗೇನು ಸಿಗುತ್ತೆ’ ಅಂತ ನಿಮ್ಮನ್ನ ಕೇಳಿದೆ. ಆ ಮಾತು ಬರೆದ ಕೈಯನ್ನ ಏನು ಮಾಡ್ಬೇಕೋ ಗೊತ್ತಾಗ್ತಿಲ್ಲ. ಗೊತ್ತಿದ್ದಿದ್ರೆ ಆ ಕಾಗದ ಬರೀತಿದ್ನಾ ಅಂತ ನನ್ನನ್ನೇ ಕೇಳ್ಕೊಂಡೆ. ಸುಳ್ಳು ಹೇಳಲ್ಲ. ಬಹುಶಃ ಬರೀತಿದ್ದೆ. ಆದ್ರೆ ಗೆದ್ದ ಮೇಲೆ ಪೇಡ ಹಂಚ್ತಿರಲಿಲ್ಲ.

ಒಂದು ಮಾತು ಕೇಳ್ತೀನಿ, ಸಿಟ್ಟಾಗ್ಬೇಡಿ. ನಗರದ ಲೀಗಿನಲ್ಲೂ ಹೆಣ್ಣುಮಕ್ಕಳ ಬಿ ಡಿವಿಷನ್ ಇದೆಯಲ್ಲ. ಅದಕ್ಕೆ ಮಿಲ್ ಗೇಟ್ ಯಾಕೆ ಒಂದು ಟೀಮು ಕಳಿಸಬಾರದು?

ಸ್ವರೂಪ್


ಚಾಮರಾಜಪೇಟೆ
೩೧ ಮಾರ್ಚ್ ೨೦೨೫

ಸ್ವರೂಪನಿಗೆ,

ನಿನ್ನೆ ಯುಗಾದಿ. ಬೇವಿನ ಜೊತೆಗೆ ನಿನ್ನ ಬೆಲ್ಲವೇ ಹಾಕಿದೆ. ತಿಂದಾಯ್ತಲ್ಲ, ಈಗ ಬೈತೀನಿ.

ಯಾಕೆ ಕಳಿಸಬಾರದು ಅಂತ ಕೇಳ್ತೀಯಲ್ಲ, ನಮಗೆ ಅಷ್ಟೂ ತೋಚಲಿಲ್ಲ ಅಂದ್ಕೊಂಡ್ಯಾ? ಎರಡು ಸಲ ಕಮಿಟಿ ಮುಂದೆ ಹೋದೆ. ಮೈದಾನ ಖಾಲಿ ಇಲ್ಲ ಅಂದ್ರು, ಕೋಚಿಗೆ ಬಿಡುವಿಲ್ಲ ಅಂದ್ರು. ‘ಹೆಣ್ಣುಮಕ್ಕಳು ಬಿದ್ದು ಗಿದ್ದು ಮೂಳೆ ಮುರಿದ್ರೆ ಜವಾಬ್ದಾರಿ ಯಾರದು’ ಅಂದ್ರು. ಅದಕ್ಕೇ ನನಗೆ ಎಂಟರ ಲೀಗು ಬೇಕಿತ್ತು. ನಮ್ಮವರು ಮನಸ್ಸಿನಿಂದ ಮಾಡದ್ದನ್ನ ಷರತ್ತಿಗೆ ಹೆದರಿಯಾದ್ರೂ ಮಾಡ್ತಿದ್ರು.

ನಿನ್ನ ತತ್ವ ಗೆದ್ದಿತು, ಸರಿ. ಗೆದ್ದೋನಿಗೆ ಕೆಲಸ ಮುಗಿಯಲ್ಲ ಮಗಾ. ಮೇ ತಿಂಗಳಲ್ಲಿ ವಾರ್ಷಿಕ ಸಭೆ ಇದೆ. ಜನವರಿ ಸಭೆಗೆ ಅಷ್ಟು ಉದ್ದ ಬರೆದೆಯಲ್ಲ, ಹೆಣ್ಣುಮಕ್ಕಳ ಟೀಮಿಗೂ ಅಷ್ಟೇ ಉದ್ದದ್ದು ಒಂದು ಬರಿ. ನಾನೇ ಓದ್ತೀನಿ.

ಆ ಹಸಿರು ಶಾಲಿನ ಟೀಮಿನ ಫೋಟೋ ಕಳಿಸು. ಒಬ್ಬ ಮನುಷ್ಯನಿಗೆ ಎರಡು ಊರಿರಬಹುದು, ತಪ್ಪಿಲ್ಲ.

ಮಹಾನಂದ ಆಂಟಿ


ಚಾಮರಾಜಪೇಟೆ
೧೯ ಮೇ ೨೦೨೫

ಚಿ. ಸ್ವರೂಪನಿಗೆ ಆಶೀರ್ವಾದಗಳು.

ನೀನು ಬರೆದು ಕಳಿಸಿದ್ದು ಬಹಳ ಚೆನ್ನಾಗಿತ್ತು. ಆದ್ರೆ ಓದಲಿಲ್ಲ. ಚೀಲದಲ್ಲೇ ಉಳೀತು.

ಆಗಿದ್ದಿಷ್ಟು. ನಾನು ಹೆಣ್ಣುಮಕ್ಕಳ ಟೀಮಿನ ವಿಷಯ ಎತ್ತಿದ ತಕ್ಷಣ ಬದರೀನಾರಾಯಣ ಅವರು, “ಮಹಾನಂದಮ್ಮ, ಎಂಟರ ಲೀಗಿಗೆ ಹೋಗಿದ್ರೆ ಅದೂ ಆಗ್ತಿತ್ತು. ನೀವೆಲ್ಲ ಸೇರಿ ಬೇಡ ಅಂದ್ರಿ. ಈಗ ಎಲ್ಲಿಂದ ತರೋಣ?” ಅಂದ್ರು. ಜನ ನಕ್ಕರು. ನನಗೆ ಎಲ್ಲಿತ್ತೋ ಸಿಟ್ಟು, ಕಾಗದ ತೆಗೆಯೋಷ್ಟು ತಾಳ್ಮೆಯೂ ಇರಲಿಲ್ಲ.

“ಜನವರಿಯಲ್ಲಿ ಬಾಗಿಲು ಹಾಕಬಾರದು ಅಂತ ಕೈ ಎತ್ತಿದೋರು ಒಂದ್ಸಲ ಎದ್ದು ನಿಂತ್ಕೊಳಿ” ಅಂದೆ. ಒಬ್ಬೊಬ್ಬರಾಗಿ ನಿಂತ್ಕೊಂಡ್ರು. “ಕಿಟಕಿ ಆಚೆ ನೋಡಿ” ಅಂದೆ. ಮಾನ್ಯ ಮತ್ತೆ ಏಳೆಂಟು ಹುಡುಗೀರು ಬೇಲಿ ಪಕ್ಕ ಚೆಂಡು ಒದೀತಿದ್ರು, ಮೈದಾನದ ಒಳಗೆ ಹುಡುಗರ ಪ್ರಾಕ್ಟೀಸ್ ಇತ್ತಲ್ಲ. “ಅವರು ಬಿನ್ನಿಪೇಟೆ, ಚಾಮರಾಜಪೇಟೆಯ ನಮ್ಮ ಮನೆ ಮಕ್ಕಳು. ಬೇಲಿ ಆಚೆ ನಿಂತಿದಾರೆ. ಆ ಬಾಗಿಲು ಹಾಕಿದ್ದು ಯಾರು? ಎಂಟರ ಲೀಗಿನೋರಲ್ಲ. ನಾವು.”

ಯಾರೂ ಕೂರಲಿಲ್ಲ ಸ್ವರೂಪ. ನಿಂತೇ ಇದ್ರು. ಮುನಿಯಕ್ಕ ನನ್ನ ಕೈ ಹಿಡ್ಕೊಂಡಳು. “ಜನವರಿಯಲ್ಲಿ ಇದನ್ನ ಯಾಕೆ ಹೇಳಲಿಲ್ಲ ನೀನು?” ಅಂತ ಕೇಳಿದ್ಲು. ಬದರೀನಾರಾಯಣ ಅವರು ಕನ್ನಡಕ ತೆಗೆದು, ಮತ್ತೆ ಹಾಕ್ಕೊಂಡು, “ವಾರಕ್ಕೆ ಮೂರು ಬೆಳಗ್ಗೆ ಮೈದಾನ ಬಿಡ್ತೀವಿ. ಕೋಚಿನ ಹತ್ರ ನಾನು ಮಾತಾಡ್ತೀನಿ” ಅಂದ್ರು. ಅವರು ಕೆಟ್ಟೋರಲ್ಲ ಕಣೋ. ಕ್ಲಬ್ ಮುಳುಗುತ್ತೆ ಅಂತ ಅವರಿಗೆ ಭಯ, ಅಷ್ಟೇ.

ಇಷ್ಟು ವರ್ಷದಲ್ಲಿ ಒಂದು ಮ್ಯಾಚೂ ನೋಡದ ನಮ್ಮ ಮನೆಯವರು ಜೆರ್ಸಿಗೆ ಅಂತ ಅಂಗಡಿಯಿಂದ ಬಟ್ಟೆ ತಂದರು. ಹತ್ತಿ ಬಟ್ಟೆ! ಬೆವರು ಕುಡಿದು ಒದ್ದೆ ಕಂಬಳಿ ಆಗುತ್ತೆ ಅಂತ ಹುಡುಗೀರು ನಕ್ಕಿದ್ದೇ ನಕ್ಕಿದ್ದು. ನಮ್ಮ ಮನೆಯವರಿಗೆ ಅದನ್ನ ಹೇಳಿಲ್ಲ. ಹುಡುಗೀರು ಪ್ರಾಕ್ಟೀಸಿಗೆ ಹಾಕ್ಕೋತಾರೆ.

ಮಹಾನಂದ ಆಂಟಿ


ಕೊಲ್ಹಾಪುರ
೮ ಜೂನ್ ೨೦೨೫

ಆಂಟಿ,

ನಿಮ್ಮ ಮಾತು ನನ್ನ ಕಾಗದಕ್ಕಿಂತ ಸಾವಿರ ಪಾಲು ಮೇಲು. ನಾನು ಬರೆದಿದ್ದನ್ನ ಒಲೆಗೆ ಹಾಕಿ.

ಇಲ್ಲಿ ನಮ್ಮ ಹಸಿರು ಟೀಮು ಕೆಳಗಿನ ಡಿವಿಷನ್ನಿಗೆ ಬಿತ್ತು. ಕೊನೇ ಮ್ಯಾಚು ಮುಗಿದ ಮೇಲೆ ಡಿಫೆನ್ಸ್ ಆಡೋ ಸೆಂಟರ್ ಹಾಫ್ ಹುಡುಗ ಬೂಟು ಬಿಚ್ಚಿ ಅಲ್ಲೇ ಬಿಟ್ಟು ಬರಿಗಾಲಲ್ಲಿ ಹೊರಟ. ನಾನು ಬೂಟು ಎತ್ಕೊಂಡು ಅವನ ಹಿಂದೆ ಅವನ ಮನೆವರೆಗೂ ಹೋದೆ. ಅವನಪ್ಪ ಬಾಗಿಲಲ್ಲಿ ನಿಂತಿದ್ರು. ಬೂಟು ಅವರ ಕೈಗೆ ಕೊಟ್ಟು ವಾಪಸ್ ಬಂದೆ. ಜಾರಿ ಬಿದ್ದೋರ ಸೊಂಟ ಯಾರು ನೋಡ್ತಾರೆ ಅಂತ ನೀವು ಬರೆದಿದ್ದು ಅವತ್ತು ಅರ್ಥ ಆಯ್ತು. ಈಗ ಪ್ರತಿ ಶನಿವಾರ ಅವನ ಮನೆಗೆ ಹೋಗ್ತೀನಿ. ಸುಮ್ಮನೆ ಟೀ ಕುಡಿದು ಬರ್ತೀನಿ. ಹೋದ ವಾರ ಅವನೇ ‘ನಾಳೆ ಪ್ರಾಕ್ಟೀಸ್ ಎಷ್ಟೊತ್ತಿಗೆ’ ಅಂತ ಕೇಳಿದ.

ಮಾನ್ಯಳ ಟೀಮಿನ ಮ್ಯಾಚು ಶುರುವಾದ್ರೆ ಪ್ರತಿಯೊಂದರದ್ದೂ ಬರೀರಿ. ಸೋತಿದ್ದೂ ಬರೀರಿ.

ಸ್ವರೂಪ್


ಚಾಮರಾಜಪೇಟೆ
೨೪ ನವೆಂಬರ್ ೨೦೨೫

ಚಿ. ಸ್ವರೂಪನಿಗೆ ಮಹಾನಂದ ಆಂಟಿಯ ಆಶೀರ್ವಾದಗಳು.

ಫಲಿತಾಂಶ ನಿನಗೆ ಮಾನ್ಯ ನಿನ್ನೆಯೇ ಮೆಸೇಜ್ ಮಾಡಿರ್ತಾಳೆ. ಆದ್ರೂ ಪೂರ್ತಿ ಬರೀತೀನಿ, ನನಗೋಸ್ಕರ.

ಬಿ ಡಿವಿಷನ್ನಿನ ಕೊನೇ ಮ್ಯಾಚು, ನಿಮ್ಮ ಮತ್ತಿಕೆರೆಯವರ ಮೇಲೆ. ಅವರು ಗೆದ್ದರೆ ಅವರು ಮೇಲೆ, ಡ್ರಾ ಆದ್ರೂ ಸಾಕು ನಾವು ಮೇಲೆ. ಮೊದಲ ಮ್ಯಾಚಿನಲ್ಲಿ ಆರು ಗೋಲು ತಿಂದ ಮಕ್ಕಳು ಇಲ್ಲಿಗೆ ಬರ್ತಾರೆ ಅಂತ ಯಾರಿಗೆ ಗೊತ್ತಿತ್ತು? ಗ್ಯಾಲರಿ ತುಂಬಿತ್ತು. ಮುನಿಯಕ್ಕ ಊಟದ ಹೊತ್ತಿಗೇ ಬಂದು ಟವಲ್ ಹಾಸಿ ಜಾಗ ಹಿಡಿದಿದ್ಲು. ನಮ್ಮ ಮನೆಯವರೂ ಅಂಗಡಿ ಮುಚ್ಚಿ ಬಂದರು. “ಆ ಕಡೆ ಗೋಲು ನಮ್ದಾ, ಈ ಕಡೆದಾ?” ಅಂತ ಮೂರು ಸಲ ಕೇಳಿದ್ರು.

ಮತ್ತಿಕೆರೆಯವರು ಮೊದಲೇ ಒಂದು ಗೋಲು ಹೊಡೆದ್ರು, ಅದೂ ಮಾನ್ಯ ಜಾರಿಬಿದ್ದಿದ್ದಕ್ಕೆ. ನಾನು ಕಣ್ಣು ಮುಚ್ಕೊಂಡೆ. ತೆಗೆದಾಗ ಅವಳು ಮಣ್ಣು ಕೊಡವಿಕೊಂಡು ಉಳಿದೋರನ್ನ ಜಾಗ ಜಾಗಕ್ಕೆ ನಿಲ್ಲಿಸ್ತಿದ್ಲು. ದ್ವಿತೀಯಾರ್ಧದಲ್ಲಿ ಕಲಾಸಿಪಾಳ್ಯದ ಮಾನಸ ಅನ್ನೋ ಪುಟ್ಟ ಹುಡುಗಿ, ಇಬ್ಬರ ಮಧ್ಯೆ ನುಸುಳಿ, ಎಡಗಾಲಲ್ಲಿ ಹೊಡೆದಳು ನೋಡು! ಬದರೀನಾರಾಯಣ ಅವರು ಪಂಚೆ ಎತ್ತಿ ಕಟ್ಟಿ ಬೆಂಚಿನ ಮೇಲೆ ಹತ್ತಿಬಿಟ್ರು. ಆಮೇಲೆ ಕೊನೇ ಹತ್ತು ನಿಮಿಷ ಮತ್ತಿಕೆರೆಯವರು ನಮ್ಮನ್ನ ಗೋಲಿನ ಮುಂದೇ ಕೂಡಿಹಾಕಿದ್ರು. ಒಂದು ಚೆಂಡು ಕೀಪರನ್ನ ದಾಟಿ ಹೋಯ್ತು. ಮಾನ್ಯ ಎಲ್ಲಿಂದ ಬಂದಳೋ, ಗೆರೆಯ ಮೇಲೇ ಬಿದ್ದು ಕಾಲು ಚಾಚಿ ಹೊರಗೆ ತಳ್ಳಿದಳು. ಸ್ವಲ್ಪ ಹೊತ್ತಿಗೆ ಸೀಟಿ ಊದಿದ್ರು.

ನಾನು ಕುಣಿದೆ ಕಣೋ. ಈ ಮಂಡಿಯಲ್ಲಿ.

ನೀನು ಹೇಳಿದ್ದೇ ಸರಿ ಅಂತ ನಾನು ಬರೆಯಲ್ಲ. ನಮ್ಮ ಜಾಗಕ್ಕೆ ಇನ್ನೊಂದು ಕ್ಲಬ್ ಸೇರ್ಕೊಂಡು ಎಂಟರ ಲೀಗ್ ಚೆನ್ನಾಗೇ ನಡೀತಿದೆ. ಯಶಶ್ರೀಗೆ ಸಂಬಳ ಬರುತ್ತೆ, ನಮ್ಮವಳು ಬೆಳಗ್ಗೆ ಪ್ರಾಕ್ಟೀಸ್ ಮುಗಿಸಿ ಶಾಲೆಯಲ್ಲಿ ಪಿ.ಟಿ. ಟೀಚರ್ ಕೆಲಸಕ್ಕೆ ಓಡ್ತಾಳೆ. ಅವಳ ಕಾಲು ಒತ್ತುವಾಗ ನನಗೆ ಈಗಲೂ ಸಂಕಟ ಆಗುತ್ತೆ. ನಿನ್ನೆ ಯಶಶ್ರೀಯೂ ಬಂದಿದ್ಲು, ನನ್ನ ಪಕ್ಕದಲ್ಲೇ ಕೂತಿದ್ಲು. ಮ್ಯಾಚು ಮುಗಿದ ಮೇಲೆ, “ಆಂಟಿ, ನಮ್ಮಲ್ಲಿ ಲೈಟು, ಕ್ಯಾಮೆರಾ ಎಲ್ಲ ಇದೆ. ಇಷ್ಟು ಎದೆ ಹೊಡ್ಕೊಳಲ್ಲ” ಅಂದ್ಲು. ಅದು ಒಳ್ಳೇದೋ ಕೆಟ್ಟದ್ದೋ ಅವಳಿಗೇ ಗೊತ್ತಾಗಲಿಲ್ಲ, ನಾನೂ ಕೇಳಲಿಲ್ಲ.

ಮನೆಗೆ ಬರುವಾಗ ಸ್ಕೂಟರಿನ ಹಿಂದೆ ಕೂತು, “ಮುಂದಿನ ವರ್ಷ ಮೇಲಿನೋರ ಜೊತೆ ಆಡ್ಬೇಕು. ಮತ್ತೆ ಕೆಳಗೆ ಬಿದ್ರೆ ಏನೇ?” ಅಂತ ಕೇಳಿದೆ. ಮಾನ್ಯ ತಿರುಗದೇನೇ, “ಬಿದ್ರೆ ನೀನಿದೀಯಲ್ಲ, ಬೈತೀಯ. ಎದ್ದೇಳ್ತೀವಿ” ಅಂದ್ಲು. ಅವಳಿಗೆ ಒಂಚೂರೂ ಭಯ ಇಲ್ಲ. ನನಗಿದೆ. ಆದ್ರೆ ಈ ಭಯ ಬಿಟ್ಟು ಆ ಗ್ಯಾಲರಿಯಲ್ಲಿ ಹೇಗೆ ಕೂರೋದು ಅಂತ ನನಗೂ ಇನ್ನು ಗೊತ್ತಾಗಲ್ಲ ಅನ್ನಿಸುತ್ತೆ.

ಹೊಸ ಸೀಸನ್ನಿಗೆ ಮುಂಚೆಯೇ ರಜೆ ಬರೆದಿಡು. ಆ ಬೂಟು ಬಿಚ್ಚಿಟ್ಟ ಹುಡುಗನನ್ನೂ ಕರ್ಕೊಂಡು ಬಾ, ನಮ್ಮ ಹುಡುಗೀರಿಗೆ ಡಿಫೆನ್ಸ್ ಹೇಳಿಕೊಡಲಿ. ಗ್ಯಾಲರಿಯಲ್ಲಿ ಈಗ ಜಾಗ ಸಿಗೋದು ಕಷ್ಟ. ನೀವು ಬನ್ನಿ, ಎಲ್ಲರೂ ಒಂಚೂರು ಸರ್ಕೊಂಡು ಕೂತ್ಕೊಳ್ಳೋಣ.

ನಿನ್ನ
ಮಹಾನಂದ ಆಂಟಿ